ಕಾಕನ ನಾಲಿಗೆ

ಕಾಕ ಸಕ್ಕರೆಯನ್ನು ಕಿವಿಯಲ್ಲಿ ನೋಡುತ್ತಿದ್ದರು. ಉದ್ದ ಚಮಚವನ್ನು ಲೋಟದಲ್ಲಿ ತಿರುಗಿಸುತ್ತ, ತಲೆಯನ್ನು ಒಂದಿಷ್ಟು ಓರೆ ಮಾಡಿ ನಿಲ್ಲುವರು. ತಳದಲ್ಲಿ ಹರಳುಗಳ ಗರಗರ ಇರುವಷ್ಟು ಹೊತ್ತು ಕೈ ನಿಲ್ಲುತ್ತಿರಲಿಲ್ಲ. ಆ ಸದ್ದು ಅಡಗಿ, ಗಾಜಿಗೆ ಚಮಚ ತಾಗುವ ಸದ್ದು ಮಾತ್ರ ಉಳಿದಾಗ "ಹಾಂ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಲೋಟವನ್ನು ನಮ್ಮ ಕಡೆಗೆ ಸರಿಸುವರು.

ನಾನು ಅವರೊಂದಿಗೆ ಮಾಡಿದ ಮೊದಲ ವಾದವೇ ಇದರ ಮೇಲೆ.

"ಕರಗಿದ್ದು ಕಿವಿಗೆ ಗೊತ್ತಾಗ್ಬಹುದು ಕಾಕ. ಎಷ್ಟು ಹಾಕಿದ್ದೀರಿ ಅಂತ ಕಿವಿಗೆ ಹೇಗೆ ಗೊತ್ತಾಗ್ತದೆ?"

"ಅದಕ್ಕೆ ನಾಲಿಗೆ ಉಂಟಲ್ಲ ಮಾರಾಯ್ತಿ. ಕಿವಿ ಅರ್ಧ ಕೆಲಸ ಮಾಡ್ತದೆ, ನಾಲಿಗೆ ಅರ್ಧ."

"ನೋಂಬಿನ ತಿಂಗಳಲ್ಲಿ?"

ರಂಜಾನ್ ಉಪವಾಸಕ್ಕೆ ನಮ್ಮ ಕಡೆ ನೋಂಬು ಅನ್ನುತ್ತಾರೆ. ಆ ತಿಂಗಳು ಹಗಲಿಡೀ ಒಂದು ಹನಿ ನೀರೂ ಬಾಯಿಗೆ ಹೋಗುವ ಹಾಗಿಲ್ಲ. ನಾನು ಕೇಳಿದ್ದು ಕಾಳಜಿಯಿಂದ ಅಂತ ತಿಳಿಯಬೇಡಿ. ಎದುರಿನವರ ಮಾತಿನಲ್ಲಿ ತೂತು ಹುಡುಕುವ ಅಭ್ಯಾಸದಿಂದ. ಕಾಕ ಕೌಂಟರ್ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಆ ತಿಂಗಳು ಬೇರೆಯವರ ನಾಲಿಗೆ. ಈ ಸಲ ನಿಮ್ಮದು ಆಗ್ತದಾ?"

ಆಗ್ತದೆ ಅಂದೆ. ಆಟಕ್ಕೆ ಅಂದ ಹಾಗೆ ಅಂದೆ. ಕಾಕ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಮೂಡುಬಿದಿರೆ ಪೇಟೆಯಲ್ಲಿ ಹೆಚ್ಚಿನವರಿಗೆ ಗುರುತು ಸಿಗಲಿಕ್ಕಿಲ್ಲ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹಿರಿಯರನ್ನು ಕರೆಯುವ ಹಾಗೆ ಶಾಲೆಯ ಮಕ್ಕಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಕಾಕ. ಬಸ್‌ಸ್ಟ್ಯಾಂಡಿನಿಂದ ನಾನು ಕೆಲಸ ಮಾಡುವ ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ ಅವರ ಜ್ಯೂಸ್ ಅಂಗಡಿ. ಮೂರು ಮೇಜು, ಒಂದು ಫ್ಯಾನ್, ಗೋಡೆಯುದ್ದಕ್ಕೂ ಹಣ್ಣು. ಗಲ್ಫಿನ ಒಂದು ಕೆಫೆಟೇರಿಯಾದಲ್ಲಿ ಹರೆಯವನ್ನೆಲ್ಲ ಕಳೆದು ಬಂದವರು. ಅಲ್ಲಿನ ಕಥೆ ಹೇಳಿ ಅಂದರೆ, "ಎಂತ ಕಥೆ? ಕಿತ್ತಳೆ ಹಿಂಡಿದೆ, ಬಂದೆ" ಅನ್ನುವರು. ಸ್ಟ್ರಾ ಕೊಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಸ್ಟ್ರಾ ಹಾಕಿದ್ರೆ ಮೂಗಿಗೆ ಎಂತ ಸಿಗ್ತದೆ? ಪುನರ್ಪುಳಿ ಶರಬತ್ತನ್ನು ಅರ್ಧ ಮೂಗಲ್ಲೇ ಕುಡಿಯುದು" ಎಂದು ವಾದಕ್ಕೆ ನಿಲ್ಲುವರು.

ನಾನು ಮಡಂತ್ಯಾರಿನಿಂದ ಒಳಗಿನ ಒಂದು ಜೈನರ ಮನೆಯ ಹುಡುಗಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ಕಪಾಟು ತುಂಬಿಸಿದವಳು. ಪರವೋ ವಿರೋಧವೋ ಎಂದು ಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಐದು ನಿಮಿಷದಲ್ಲಿ ಆ ಕಡೆಗೆ ಬೇಕಾದ ನಂಬಿಕೆಯನ್ನೆಲ್ಲ ಮೈಗೆ ಹಚ್ಚಿಕೊಳ್ಳುತ್ತಿದ್ದೆ. ಈಗ ಪ್ರೆಸ್ಸಿನಲ್ಲಿ ಕರಡು ತಿದ್ದುವುದು ನನ್ನ ಕೆಲಸ, ಅಂದರೆ ಬೇರೆಯವರ ತಪ್ಪು ಹಿಡಿಯುವುದು.

ಮೂಡುಬಿದಿರೆಯನ್ನು ನಗರ ಅಂದರೆ ಮಂಗಳೂರಿನವರು ನಗುತ್ತಾರೆ. ನಗಲಿ. ಒಂದು ಬೀಗದ ಕೈ ನನ್ನೊಬ್ಬಳದ್ದೇ ಆಗಿರುವ ಊರನ್ನು ನಾನು ನಗರ ಅನ್ನುತ್ತೇನೆ. ಆ ಬಾಡಿಗೆ ಕೋಣೆಯಲ್ಲಿ ಭಾನುವಾರದ ಸ್ನಾನವನ್ನು ಹನ್ನೊಂದು ಗಂಟೆಯವರೆಗೆ ಮುಂದೂಡಬಹುದಿತ್ತು. ಬಕೆಟ್ಟಿಗೆ ಯಾವ ಬಣ್ಣ ಅಂತ ನಾನೇ ತೀರ್ಮಾನಿಸಬಹುದಿತ್ತು. ಕತ್ತಲಾದ ಮೇಲೆ ನೀರುಳ್ಳಿ ಹಾಕಿದ ಗೋಬಿ ಮಂಚೂರಿ ತಿನ್ನಬಹುದಿತ್ತು. ನಮ್ಮ ಅಜ್ಜಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು, ಅಮ್ಮನೂ ಹಾಗೆಯೇ. ಹಾಗಿರುವಾಗ ಕತ್ತಲಲ್ಲಿ ತಿನ್ನುವ ಗೋಬಿಗೆ ಇರುವ ರುಚಿ ನಿಮಗೆ ಅರ್ಥವಾಗಲಿಕ್ಕಿಲ್ಲ. ಇವೆಲ್ಲಕ್ಕಿಂತ ದೊಡ್ಡದು, ಸಂಜೆ ಐದೂವರೆಗೆ ಕೆಲಸ ಬಿಟ್ಟು, ಎಲ್ಲಿಗೆ ಅಂತ ಯಾರಿಗೂ ಹೇಳದೆ, ಒಬ್ಬಳೇ ಹೋಗಿ ಕಾಕನ ಅಂಗಡಿಯ ಮೂಲೆಯ ಮೇಜಿನಲ್ಲಿ ಕೂರುವುದು. ಅಲ್ಲಿಂದ ರಸ್ತೆ ಕಾಣುತ್ತಿತ್ತು. ನಮ್ಮೂರ ಕಡೆಗೆ, ಬೆಳ್ತಂಗಡಿಗೆ ಹೋಗುವ ಬಸ್ಸಿನ ಬೋರ್ಡ್ ಓದಿ, ಹತ್ತಬೇಕಾಗಿಲ್ಲವಲ್ಲ ಎಂಬ ಸುಖದಲ್ಲಿ ಇನ್ನೊಂದು ಗುಟುಕು ಕುಡಿಯುತ್ತಿದ್ದೆ. ನಾನು ಬರುವ ಹೊತ್ತಿಗೆ ಕಾಕ ಆ ಕುರ್ಚಿಯ ಮೇಲೆ ಒಂದು ಪಪ್ಪಾಯಿ ಇಟ್ಟು ಕಾದಿರಿಸುವರು. ಯಾರಾದರೂ ಕೂರಲು ಹೋದರೆ, "ಅಲ್ಲಿ ಜನ ಉಂಟು" ಅನ್ನುವರು.

ಸರಿಯಾಗಿ ಆರಕ್ಕೆ ಅಮ್ಮನ ಫೋನ್ ಬರುತ್ತಿತ್ತು. "ಊಟ ಆಯ್ತಾ?" ಬೆಳಕಿರುವಾಗಲೇ ಆಯ್ತಾ ಎಂದು ಅದರ ಅರ್ಥ. "ಆಯ್ತಮ್ಮ" ಅನ್ನುತ್ತಿದ್ದೆ. ಒಮ್ಮೆ ಕಾಕ ಕೇಳಿಸಿಕೊಂಡರು.

"ಅಮ್ಮನಿಗೆ ಎಂತ ಆಯ್ತು ಅಂದ್ರಿ?"

"ಊಟ."

"ಇದು ಊಟವಾ?" ನನ್ನ ಲೋಟ ತೋರಿಸಿದರು.

"ಹಣ್ಣು ಉಂಟಲ್ಲ ಕಾಕ ಇದರಲ್ಲಿ. ಹಣ್ಣು ಆಹಾರ. ಆಹಾರ ತಕ್ಕೊಂಡ್ರೆ ಊಟ."

ಕಾಕ ಒಂದು ಬಾಳೆಹಣ್ಣು ಸುಲಿದು, ತುಂಡು ಮಾಡಿ ತಟ್ಟೆಯಲ್ಲಿಟ್ಟು ತಂದರು. "ಇದನ್ನೂ ತಿನ್ನಿ. ಅಮ್ಮನಿಗೆ ಹೇಳಿದ್ದು ಪೂರಾ ಸುಳ್ಳಾಗುದು ಬೇಡ."

ಆಮೇಲೆ ದಿನಾ ಆರಕ್ಕೆ, ಫೋನ್ ಹೊಡೆದುಕೊಳ್ಳುವ ಮೊದಲೇ, ಒಂದು ಬಾಳೆಹಣ್ಣು ಬರುತ್ತಿತ್ತು. ಬೇಡ ಅಂದರೆ ಕೇಳುವರಲ್ಲ.

ನಮ್ಮ ಮಾತೆಲ್ಲ ತುಳುವಿನಲ್ಲಿ. ವಾದಕ್ಕೆ ಮಾತ್ರ ಕನ್ನಡ. ತುಳುವಿನಲ್ಲಿ ನನಗೆ ಜಗಳ ಬರುತ್ತದೆ, ವಾದ ಬರುವುದಿಲ್ಲ; ಬಹುಮಾನ ಎಲ್ಲ ಬಂದದ್ದು ಕನ್ನಡದಲ್ಲಿ. ನಾನು ಕನ್ನಡಕ್ಕೆ ತಿರುಗಿದ ಕೂಡಲೇ ಕಾಕ ಹೆಗಲ ಮೇಲಿನ ಬಟ್ಟೆ ತೆಗೆದು ಕೈ ಒರೆಸಿಕೊಂಡು, "ಹಾಂ, ಕೋರ್ಟು ಶುರುವಾಯ್ತು. ಹೇಳಿ ವಕೀಲಮ್ಮ" ಎಂದು ತಾವೂ ಶಾಲೆಯ ಕನ್ನಡಕ್ಕೆ ಬರುವರು. ಅವರ ಅಂಗಡಿಯ ಬೋರ್ಡಿನಲ್ಲಿ 'ತಂಪು ಪಾನಿಯ' ಎಂದಿತ್ತು. ನೀ ದೀರ್ಘ ಆಗಬೇಕು ಅಂದೆ. ಮರುದಿನ ಬಂದು ನೋಡಿದರೆ, ಬೇರೆ ಬಣ್ಣದ ಪೇಂಟಿನಲ್ಲಿ, ನಡುವೆ ಜಾಗ ಸಾಲದೆ ಯ ಅಕ್ಷರದ ಹೆಗಲ ಮೇಲೆ ಹತ್ತಿ ಕುಳಿತ ಒಂದು ದೀರ್ಘ.

"ನಿಮ್ಮದು ದೀರ್ಘ ಹಾಕಿದ್ದೇನೆ, ನೋಡಿ."

"ಯಾರ ಹತ್ತಿರವಾದ್ರೂ ಕೇಳಿ ನೋಡ್ಬಹುದಿತ್ತು ಕಾಕ. ನಾನು ಹೇಳಿದ್ದು ತಪ್ಪಾಗಿದ್ರೆ?"

"ನೀವು ಅಕ್ಷರದ ಕೆಲಸ ಮಾಡುವವರು. ನಿಮಗೆ ಗೊತ್ತುಂಟು. ಮತ್ತೆ ಕೇಳುದು ಎಂತದಕ್ಕೆ?"

ಇದು ಅವರ ರೀತಿ. ಯಾರಿಗೆ ಯಾವುದು ಗೊತ್ತೋ ಅದನ್ನು ಅವರಿಗೆ ಬಿಟ್ಟುಕೊಟ್ಟು ತಾವು ಹಗುರಾಗಿಬಿಡುವುದು. ನನಗೆ ಅದು ಸೋಮಾರಿತನದ ಹಾಗೆ ಕಾಣುತ್ತಿತ್ತು. ಪರೀಕ್ಷೆ ಮಾಡದೆ ನಂಬುವವನು ನಂಬುತ್ತಿಲ್ಲ, ಸುಮ್ಮನಿದ್ದಾನೆ ಅಷ್ಟೇ ಎಂದು ನಾನು ಒಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ.

ನೋಂಬಿನ ತಿಂಗಳು ಬಂತು. ಮಾತಿನಂತೆ ದಿನಾ ಸಂಜೆ ಹೋಗಿ ಕಾಕನ ನಾಲಿಗೆಯಾದೆ. ಅವರು ಚಮಚದಲ್ಲಿ ಒಂದಿಷ್ಟು ಕೊಡುವರು, ನಾನು ಬಾಯಿಗೆ ಹಾಕಿ "ಸಾಲದು", "ಹುಳಿ ಜಾಸ್ತಿ", "ಸರಿ ಉಂಟು" ಅನ್ನುವೆ. ನಾನು ನುಂಗುವಾಗ ಅವರ ಗಂಟಲೂ ಒಮ್ಮೆ ಮೇಲೆ ಕೆಳಗೆ ಆಗುತ್ತಿತ್ತು. ಬಿಸಿಲಿಗೆ ತುಟಿ ಒಣಗಿರುತ್ತಿತ್ತು. ಆ ಕೆಲಸ ನನಗೆ ಕೊಟ್ಟ ಖುಷಿಯನ್ನು ಹೇಗೆ ಹೇಳಲಿ? ಮನೆಯಲ್ಲಿ ಯಾರೂ ನನ್ನನ್ನು ಉಪ್ಪು ನೋಡು ಅಂತ ಕರೆದವರಲ್ಲ. ಇಲ್ಲಿ ಪೇಟೆಯ ಒಂದು ಅಂಗಡಿ ನನ್ನ 'ಸರಿ ಉಂಟು' ಎಂಬ ಒಂದು ಮಾತಿನ ಮೇಲೆ ನಡೆಯುತ್ತಿತ್ತು.

ಆ ತಿಂಗಳ ಶುಕ್ರವಾರಗಳು ಬೇರೆ ತರದವು. ಕಾಕನ ಮನೆ ಪುತ್ತಿಗೆಯ ಕಡೆ. ಅವರ ಊರಿನ ಮಸೀದಿಗೆ ಶುಕ್ರವಾರ ಸಂಜೆ ನೋಂಬು ಬಿಡುವವರಿಗೆಲ್ಲ ಲಿಂಬೆ ಶರಬತ್ತು ಇವರದ್ದೇ. ಗಲ್ಫಿನಿಂದ ಬಂದ ವರ್ಷದಿಂದ ತಪ್ಪಿಸಿದವರಲ್ಲ. ಅಂದು ಬಿಳಿ ಅಂಗಿ ಹಾಕಿಕೊಂಡು ಬರುವರು. ಲಿಂಬೆ ಹಿಂಡಲು ಯಾರನ್ನೂ ಬಿಡುತ್ತಿರಲಿಲ್ಲ. ದೊಡ್ಡ ಸ್ಟೀಲ್ ಕ್ಯಾನಿನಲ್ಲಿ ನೀರು, ಲಿಂಬೆ, ನೆನೆಸಿದ ಕಾಮಕಸ್ತೂರಿ ಬೀಜ, ಬೇಗ ಕರಗಲಿ ಎಂದು ಹುಡಿ ಮಾಡಿದ ಸಕ್ಕರೆ. ಹುಡಿ ಸಕ್ಕರೆಗೆ ಸದ್ದಿಲ್ಲ. ಕಿವಿ ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ನಾಲಿಗೆಯ ಮೇಲೆ.

ಆ ಹುಡಿ ಸಕ್ಕರೆ ಇರುತ್ತಿದ್ದದ್ದು, ಗಲ್ಫಿನವರ ಮನೆಗಳಲ್ಲೆಲ್ಲ ಕಾಣುವ ದೊಡ್ಡ ಹಾಲಿನ ಹುಡಿಯ ಡಬ್ಬಿಯಲ್ಲಿ. ಅಂಥದ್ದೇ ಇನ್ನೊಂದು ಡಬ್ಬಿಯಲ್ಲಿ ಅನಾನಸು ತುಂಡುಗಳಿಗೆ ಹಾಕುವ ಹುಡಿ ಉಪ್ಪು. ಗುರುತಿಗೆ ಉಪ್ಪಿನ ಡಬ್ಬಿಗೆ ಒಂದು ಕೆಂಪು ರಬ್ಬರ್ ಬ್ಯಾಂಡ್. ಎರಡೂ ನನ್ನ ಮೂಲೆಯ ಮೇಜಿನ ಪಕ್ಕದ ಹಲಗೆಯ ಮೇಲೆ.

ಮೂರನೆಯ ಶುಕ್ರವಾರ. ಕಾಕ ಲಿಂಬೆ ಹಿಂಡುತ್ತಿದ್ದರು. ಎದುರಿನ ಮೇಜಿನಲ್ಲಿ ನಾಲ್ಕು ಜನ ಕಾಲೇಜು ಹುಡುಗಿಯರು. ನಾನು ಕನ್ನಡಕ್ಕೆ ತಿರುಗಿದೆ.

"ಕಾಕ, ಅಡುಗೆ ಮಾಡುವವರು ನಾಲಿಗೆಗೆ ಮುಟ್ಟಿಸಿ ಉಗಿಯಬಹುದು ಅಂತ ನಿಮ್ಮಲ್ಲಿ ಉಂಟಂತೆ. ನಾನು ಓದಿದ್ದೇನೆ. ಮತ್ತೆ ನೀವು ಯಾಕೆ ಬೇರೆಯವರನ್ನು ನಂಬುದು?"

"ಉಂಟು. ಬೇರೆ ದಾರಿ ಇಲ್ಲದವರಿಗೆ. ನನಗೆ ನೀವು ಉಂಟಲ್ಲ."

"ನಾನು ಸುಳ್ಳು ಹೇಳಿದ್ರೆ?"

"ಯಾಕೆ ಹೇಳ್ತೀರಿ?"

"ಯಾಕೆ ಅಂತ ಅಲ್ಲ ಪ್ರಶ್ನೆ. ಹೇಳುವ ಸಾಧ್ಯತೆ ಉಂಟಾ ಇಲ್ವಾ?"

"ಉಂಟು, ಉಂಟು. ಈ ಫ್ಯಾನ್ ಕಳಚಿ ನನ್ನ ತಲೆಗೆ ಬೀಳುವ ಸಾಧ್ಯತೆಯೂ ಉಂಟು. ಹಾಗಂತ ಹೆಲ್ಮೆಟ್ ಹಾಕ್ಕೊಂಡು ಲಿಂಬೆ ಹಿಂಡ್ಲಿಕ್ಕೆ ಆಗ್ತದಾ ವಕೀಲಮ್ಮ?"

ಹುಡುಗಿಯರು ಗೊಳ್ಳೆಂದು ನಕ್ಕರು. ಒಬ್ಬಳು, "ಕಾಕ, ಸೂಪರ್!" ಅಂದಳು. ಕಾಕನೂ ನಕ್ಕರು. ಅವರ ನಗುವಿನಲ್ಲಿ ಗೆದ್ದ ಗುರುತೇ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಚುಚ್ಚಿತು. ಎದುರಾಳಿಗೆ ಕೊನೆಯ ಮಾತು ಬಿಡಬಾರದು ಎಂದು ಕಲಿತವಳು ನಾನು. ಸಿಟ್ಟು ಬಂದರೆ ನಾನು ಕೂದಲು ಎತ್ತಿ ಕಟ್ಟುತ್ತೇನೆ, ವೇದಿಕೆಯಲ್ಲೂ ಹಾಗೆಯೇ. ಕಟ್ಟಿದೆ. ಹುಡುಗಿಯರು ಎದ್ದು ಹೋದರು.

ಸ್ವಲ್ಪ ಹೊತ್ತಿಗೆ ಕಾಕ ಹಲಗೆಯಿಂದ ಡಬ್ಬಿ ಇಳಿಸಿ, ಸೌಟಿನಲ್ಲಿ ಮೊಗೆದು ಮೊಗೆದು ಕ್ಯಾನಿಗೆ ಹಾಕಿ ಕಲಕಿದರು. ಚಮಚದಲ್ಲಿ ತಂದುಕೊಟ್ಟರು. "ನೋಡಿ."

ಬಾಯಿಗೆ ಹಾಕಿದೆ. ಉಪ್ಪು. ಅಪ್ಪಟ ಉಪ್ಪು.

ನನ್ನ ತಲೆಯಲ್ಲಿ ಆಗ ಮೂಡಿದ್ದು ಮಸೀದಿಯಲ್ಲ, ಇಡೀ ದಿನ ನೀರು ಕಾಣದ ಜನರಲ್ಲ. ಸಿಕ್ಕಿತು ಎಂಬ ಮಾತು. ಸಾಧ್ಯತೆಗೆ ಇದೋ ಸಾಕ್ಷ್ಯ. ಈಗ ಸರಿ ಉಂಟು ಅನ್ನುವುದು, ಅವರು ಖಂಡಿತವಾ ಎಂದು ಕೇಳುವುದು, ಆಗ ನಿಜ ಹೇಳಿ, "ನೋಡಿದ್ರಾ ಕಾಕ?" ಅನ್ನುವುದು. ಎರಡು ನಿಮಿಷದ ಕೆಲಸ.

"ಸರಿ ಉಂಟು," ಅಂದೆ.

ಖಂಡಿತವಾ ಎಂದು ಕಾಕ ಕೇಳಲಿಲ್ಲ. "ಹಾಂ" ಅಂದು ಮುಚ್ಚಳ ಹಾಕಿ ಗಟ್ಟಿಯಾಗಿ ಅದುಮಿದರು. ಹೊರಗೆ ರಿಕ್ಷಾ ಬಂದು ನಿಂತಿತ್ತು. ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಊಟ ಆಯ್ತಾ?"

"ಆಯ್ತಮ್ಮ."

ಇದನ್ನು ಬರೆಯಲು ಕುಳಿತಾಗ ಈ ಫೋನ್ ನನ್ನ ಪರವಾಗಿ ನಿಲ್ಲಲು ಬಂತು. ಅಮ್ಮ ಮಾತಾಡುತ್ತಿದ್ದರು, ಅಷ್ಟರಲ್ಲಿ ರಿಕ್ಷಾ ಹೊರಟುಹೋಯಿತು ಎಂದು ಬರೆದೆ. ಹೊಡೆದು ಹಾಕಿದೆ. ಫೋನ್ ಇಟ್ಟಾಗ ರಿಕ್ಷಾ ಅಲ್ಲೇ ಇತ್ತು. ರಿಕ್ಷಾದವರು ಕ್ಯಾನ್ ಅಲುಗದ ಹಾಗೆ ಹಗ್ಗ ಬಿಗಿಯುತ್ತಿದ್ದರು. ಕಾಕ ಅರ್ಧ ಶಟರ್ ಎಳೆದು, ನನ್ನ ಮೇಜಿಗೆ ಬಾಳೆಹಣ್ಣು ಇಟ್ಟು, "ನಿಧಾನಕ್ಕೆ ತಿಂದು ಹೋಗಿ, ಅವಸರ ಇಲ್ಲ" ಎಂದು ಹೊರಟರು. ನಾನು ಬಾಯಿ ತೆರೆದರೆ ಸಾಕಿತ್ತು. ಆದರೆ ತೆರೆದರೆ ಅವರು ಮತ್ತೆ ಅದೇ ಪ್ರಶ್ನೆ ಕೇಳುವರು: ಯಾಕೆ ಹೇಳಿದ್ರಿ? ಪ್ರಶ್ನೆ ಅದಲ್ಲ ಎಂದು ಜೋರಾಗಿ ಹೇಳಿ ಹದಿನೈದು ನಿಮಿಷ ಆಗಿತ್ತಷ್ಟೆ. ಅದೊಂದೇ ಪ್ರಶ್ನೆ ಎಂದು ಆಗ ಗೊತ್ತಾಗಿತ್ತು, ನನ್ನಲ್ಲಿ ಉತ್ತರವಿರಲಿಲ್ಲ. ಕಾಕ ಬಿಳಿ ಅಂಗಿಯ ಕೈಯಿಂದ ಕ್ಯಾನನ್ನು ತಬ್ಬಿಕೊಂಡು ಕುಳಿತರು. ರಿಕ್ಷಾ ಹೋಯಿತು.

ಕೋಣೆಗೆ ಬಂದು ಕೂದಲು ಬಿಚ್ಚಲು ಹೋದರೆ ಏನೋ ಸಿಕ್ಕಿಹಾಕಿಕೊಂಡು ಬರಲಿಲ್ಲ. ಎಳೆದಾಗ ನಾಲ್ಕು ಕೂದಲ ಸಮೇತ ಕೈಗೆ ಬಂತು. ಕೆಂಪು ರಬ್ಬರ್ ಬ್ಯಾಂಡ್.

ಹಾಗಾದರೆ ತಪ್ಪು ಕಾಕನ ಕೈಯದ್ದೂ ಅಲ್ಲ. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಡಬ್ಬಿಯಿಂದ ಎಳೆದು ತಲೆಗೆ ಕಟ್ಟಿಕೊಂಡವಳು ನಾನೇ. ರಬ್ಬರ್ ಇಲ್ಲದ್ದು ಸಕ್ಕರೆ ಎಂದು ಅವರು ಅವಸರದಲ್ಲಿ ಹತ್ತಿರದ ಡಬ್ಬಿ ಇಳಿಸಿದ್ದಾರೆ. ಕಾಕನ ನಂಬರ್ ನನ್ನ ಫೋನಿನಲ್ಲಿತ್ತು. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ಉಪವಾಸ ಇರುವವರ ನಡುವೆ ಆ ಕ್ಯಾನಿನಲ್ಲಿ ಏನಿದೆ ಎಂದು ನೋಂಬು ಬಿಡುವ ಕ್ಷಣದವರೆಗೆ ಯಾರಿಗೂ ಗೊತ್ತಾಗುವಂತಿಲ್ಲ, ನನ್ನೊಬ್ಬಳಿಗೆ ಬಿಟ್ಟು. ಫೋನನ್ನು ಕೈಯಲ್ಲಿ ಹಿಡಿದು ಹಾಸಿಗೆಯ ಮೇಲೆ ಕುಳಿತೆ. ಪೇಟೆಯ ಮಸೀದಿಯಿಂದ ಬಾಂಗಿನ ಕರೆ ಕೇಳಿತು. ಈಗ ಖರ್ಜೂರ ಎಂದುಕೊಂಡೆ. ಈಗ ಲೋಟ.

ಮರುದಿನ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಧೈರ್ಯ ಅಂತ ತಿಳಿಯಬೇಡಿ. ಕಾಕ ನನ್ನನ್ನು ಕಂಡು ನಗಲು ಶುರು ಮಾಡಿದರು.

"ನಿನ್ನೆ ಎಂತ ಕಥೆ ಆಯ್ತು ಗೊತ್ತುಂಟಾ? ಎಲ್ಲರೂ ಒಟ್ಟಿಗೆ ಲೋಟ ಬಾಯಿಗಿಟ್ಟರು, ಎಲ್ಲರ ಮುಖವೂ ಒಟ್ಟಿಗೆ ಹೀಗೆ!" ಕಣ್ಣು ಮುಚ್ಚಿ, ಮೂಗು ಕಿವುಚಿ ತೋರಿಸಿದರು. "ಒಬ್ಬ ಹೇಳಿದ, ಮಂಗಳೂರಿನ ಸಮುದ್ರವನ್ನು ಕಾಕ ಪುತ್ತಿಗೆಗೆ ತಂದಿದ್ದಾರೆ ಅಂತ." ನಗುತ್ತಲೇ ನನ್ನ ಮುಖ ನೋಡಿದರು. ನಗು ನಿಂತಿತು. "ಎಂತ ಆಯ್ತು ನಿಮಗೆ? ಮುಖ ಎಲ್ಲ ಬಾಡಿದೆ. ಜ್ವರ ಉಂಟಾ?"

ನಾನು ಪಪ್ಪಾಯಿ ಎತ್ತಿಟ್ಟು ನನ್ನ ಕುರ್ಚಿಯಲ್ಲಿ ಕುಳಿತೆ.

"ಅದೇ ನಾನೂ ರಾತ್ರಿ ಯೋಚನೆ ಮಾಡಿದ್ದು. ಜ್ವರ ಬಂದ್ರೆ ನಾಲಿಗೆಗೆ ಉಪ್ಪೂ ಗೊತ್ತಾಗುದಿಲ್ಲ, ಸಿಹಿಯೂ ಗೊತ್ತಾಗುದಿಲ್ಲ. ಜ್ವರ ಇತ್ತಲ್ವಾ ನಿನ್ನೆ?"

ನಾನು ಹುಡುಕಿ ಸಿಗದ ಉತ್ತರವನ್ನು ಅವರೇ ಹುಡುಕಿ, ಒರೆಸಿ, ನನ್ನ ಮುಂದೆ ಇಟ್ಟಿದ್ದರು.

"ಹೌದು ಕಾಕ," ಅಂದೆ. "ಸ್ವಲ್ಪ ಇತ್ತು."

"ಜ್ವರ ಇಟ್ಕೊಂಡು ಕೆಲಸಕ್ಕೆ ಬರುದಾ ಮಾರಾಯ್ತಿ? ನಾಳೆ ಕಷಾಯ ತರ್ತೇನೆ."

ಅವರು ಮಾತು ಮುಗಿಸುವಷ್ಟರಲ್ಲಿ ಪುತ್ತಿಗೆಯ ಮಸೀದಿಯವರೊಬ್ಬರು ಬಂದರು. ಮಾತು ಬ್ಯಾರಿ ಭಾಷೆಯಲ್ಲಿ. ನನಗೆ ಅರ್ಥವಾಗುತ್ತದೆ ಎಂದು ಕಾಕನಿಗೆ ಗೊತ್ತಿತ್ತು.

"ಕಾಕ, ಬೇಜಾರು ಮಾಡ್ಬೇಡಿ. ಇನ್ನು ಶುಕ್ರವಾರ ಶರಬತ್ತು ಮಾಡುವ ಕಷ್ಟ ನಿಮಗೆ ಬೇಡ. ಪ್ಯಾಕೆಟ್ ಜ್ಯೂಸ್ ತರಿಸುವ ಅಂತ ಎಲ್ಲರೂ ಹೇಳಿದ್ದಾರೆ."

ಕಾಕ ಬಟ್ಟೆಯಿಂದ ಕೌಂಟರ್ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಪ್ರಾಯ ಆದವರು, ಮಕ್ಕಳು ಎಲ್ಲ ಇದ್ರಲ್ಲ ಕಾಕ. ಕಳಿಸುವ ಮೊದಲು ರುಚಿ ನೋಡಿಸ್ಲಿಕ್ಕೆ ಒಬ್ಬರೂ ಸಿಗ್ಲಿಲ್ವಾ ನಿಮಗೆ, ಇಷ್ಟು ದೊಡ್ಡ ಪೇಟೆಯಲ್ಲಿ?"

ನಾನು ಎರಡು ಮಾರು ದೂರದಲ್ಲಿ ಕುಳಿತಿದ್ದೆ. ಕಾಕ ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವರು ಪಟ್ಟ ಪ್ರಯತ್ನ ನನಗೆ ಕಾಣಿಸಿತು.

"ಇಲ್ಲ," ಅಂದರು. "ನೋಡಿಸ್ಲಿಕ್ಕೆ ಮರೆತೆ."

ನೋಂಬು ಹಿಡಿದವರು ಸುಳ್ಳಾಡಬಾರದು ಎಂಬ ವಿಷಯದ ಮೇಲೆಯೂ ನಾವು ಒಮ್ಮೆ ವಾದ ಮಾಡಿದ್ದೆವು. ಕುಡಿಯದಿರುವುದು ಸುಲಭ, ಅದು ಕಷ್ಟ ಎಂದು ಕಾಕ ಹೇಳಿದ್ದರು. ಜ್ವರದ ಹುಡುಗಿಯೊಬ್ಬಳ ಮೇಲೆ ಮಾತು ಬರಬಾರದೆಂದು ಅವರು ಆ ಕಷ್ಟದ್ದನ್ನು ಮುರಿದರು. ಆ ಹುಡುಗಿಗೆ ಜ್ವರವಿರಲಿಲ್ಲ. ಅವಳು ಕುಳಿತಲ್ಲೇ ಕುಳಿತು ಬಸ್ಸಿನ ಬೋರ್ಡ್ ಓದುತ್ತಿದ್ದಳು.

ಮೂರು ದಿನ ಕಷಾಯ ಬಂತು, ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿದ್ದು. ತಾವು ಬಾಯಿ ಒಣಗಿಸಿಕೊಂಡು ಎದುರು ನಿಂತು ನನಗೆ ಪೂರಾ ಕುಡಿಸಿದರು. ನಾಲ್ಕನೆಯ ದಿನ, "ಈಗ ನಾಲಿಗೆಗೆ ರುಚಿ ಬಂತಾ?" ಎಂದು ಕೇಳಿ ಮತ್ತೆ ಚಮಚ ಕೊಟ್ಟರು. ಕೊಡದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಆ ತಿಂಗಳು ಮುಗಿಯುವವರೆಗೆ ಹೋದೆ. ಆಮೇಲೆ ಕೆಲಸ ಹೆಚ್ಚಾಯಿತು ಅಂದೆ. ರಸ್ತೆಯ ಆ ಬದಿಯಲ್ಲಿ ನಡೆಯಲು ಶುರು ಮಾಡಿದೆ. ಕಂಡರೆ ಕಾಕ ಕೈ ಎತ್ತುವರು, ನಾನೂ ಎತ್ತುವೆ. ಮುಂದಿನ ವರ್ಷ ನೋಂಬು ಶುರುವಾದ ದಿನ ಅವರು ಅಂಗಡಿಯ ಮೆಟ್ಟಿಲಲ್ಲಿ ನಿಂತು, ನನಗೆ ಕಾಣುವ ಹಾಗೆ ತಮ್ಮ ನಾಲಿಗೆಯನ್ನು ಬೆರಳಿನಿಂದ ತೋರಿಸಿ, ಆ ಬೆರಳನ್ನು ನನ್ನ ಕಡೆ ತಿರುಗಿಸಿದರು. ಬರ್ತೀರಾ? ನಾನು ಮಣಿಕಟ್ಟು ತಟ್ಟಿ ತೋರಿಸಿದೆ. ಹೊತ್ತಿಲ್ಲ ಕಾಕ. ನನ್ನ ಕೈಯಲ್ಲಿ ವಾಚ್ ಇರಲಿಲ್ಲ.

ಕಳೆದ ತಿಂಗಳು ಅಂಗಡಿಯ ಶಟರ್ ಒಂದು ವಾರ ಮುಚ್ಚಿಯೇ ಇತ್ತು. ಪಕ್ಕದ ಹೂವಿನವರನ್ನು ಕೇಳಿದೆ. "ನಿಮಗೆ ಗೊತ್ತಿಲ್ವಾ? ಕಾಕ ಹೋದ್ರಲ್ಲ. ಮಲಗಿದವರು ಏಳಲಿಲ್ಲ ಅಂತೆ." ಬೋರ್ಡಿನ ಮೇಲೆ ನನ್ನ ದೀರ್ಘ ಇನ್ನೂ ಯ ಅಕ್ಷರದ ಹೆಗಲೇರಿ ಕುಳಿತಿತ್ತು.

ಭಾನುವಾರ ಪುತ್ತಿಗೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಜೋಡಿಸುತ್ತ ಹೋದೆ. ಪೀಠಿಕೆ, ವಿಷಯ, ಸಮಾರೋಪ. ಕಾಕನ ಹೆಂಡತಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ನಾನು ಪ್ರೆಸ್ಸಿನ ಕೆಲಸದವಳು ಅಂದ ಕೂಡಲೇ ಅವರ ಮುಖ ಅರಳಿತು.

"ವಕೀಲಮ್ಮ ಅಲ್ವಾ ನೀವು? ಜ್ವರದವರು?"

ನಾನು ಜೋಡಿಸಿದ್ದೆಲ್ಲ ಅಲ್ಲೇ ಉದುರಿಹೋಯಿತು.

"ಈಗ ಆರೋಗ್ಯ ಉಂಟಲ್ಲ ಮಗಳೇ? ಅವರು ಯಾವಾಗಲೂ ಹೇಳ್ತಿದ್ರು. ಆ ಹುಡುಗಿಗೆ ಮೈ ಸರಿ ಇಲ್ಲ ಅಂತ ಕಾಣ್ತದೆ, ಈಗ ಅಂಗಡಿಗೆ ಬರುದಿಲ್ಲ ಅಂತ. ಆ ಕಷಾಯ ನಾನೇ ಮಾಡಿ ಕೊಟ್ಟದ್ದು."

"ಆವತ್ತು ಶರಬತ್ತಿಗೆ ಉಪ್ಪು ಬಿದ್ದಿತ್ತಲ್ಲ," ಅಂದೆ.

"ಅಯ್ಯೋ, ಅದನ್ನು ಹೇಳ್ಬೇಡಿ. ಎಷ್ಟು ಜೋರು ಮಾಡಿದೆ ನಾನು ಅವರಿಗೆ. ರುಚಿ ನೋಡಿಸದೆ ಮಸೀದಿಗೆ ಕಳಿಸ್ತಾರಾ ಯಾರಾದ್ರೂ ಅಂತ. ಒಂದು ಮಾತು ಆಡಲಿಲ್ಲ. ಮರುದಿನ ಬಂದು, ಶುಂಠಿ ಉಂಟಾ, ಆ ಹುಡುಗಿಗೆ ಜ್ವರ ಅಂದ್ರು."

"ರುಚಿ ನೋಡಿದ್ದು ನಾನು."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ರಬ್ಬರ್ ಬ್ಯಾಂಡ್ ಹೇಳಿದೆ, ಚಮಚ ಹೇಳಿದೆ, ಜ್ವರವಿರಲಿಲ್ಲ ಅಂದೆ. ಅವರು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು.

"ಉಪ್ಪು ಅಂತ ಗೊತ್ತಾಗಿತ್ತಾ ನಿಮಗೆ?"

"ಗೊತ್ತಾಗಿತ್ತು."

"ಮತ್ತೆ ಯಾಕೆ?"

ಅದೇ ಪ್ರಶ್ನೆ. ಕಾಕ ಬಿಟ್ಟುಹೋದದ್ದು ಇಲ್ಲಿ ಕಾದು ಕುಳಿತಿತ್ತು.

"ವಾದಕ್ಕೆ," ಅಂದೆ.

"ವಾದಕ್ಕೆ," ಅಂದರು ಅವರೂ, ಹೊಸ ಶಬ್ದವೊಂದನ್ನು ಉಚ್ಚರಿಸಿ ನೋಡುವವರಂತೆ. ಅವರಿಗೆ ಸಿಟ್ಟು ಬಂದಿದ್ದರೆ ಎದುರಿಸಲು ನನಗೆ ಬರುತ್ತಿತ್ತು.

"ಆವತ್ತೇ ಹೇಳಿದ್ರೆ ಅವರು ನಗ್ತಿದ್ರು ಮಗಳೇ," ಅಂದರು. "ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಮಸೀದಿಯಲ್ಲಿ ಎಲ್ಲರಿಗೂ ಹೇಳಿ ನಗಿಸ್ತಿದ್ರು. ಅದರ ನಂತರ ಅವರು ಶುಕ್ರವಾರ ಆ ಬಿಳಿ ಅಂಗಿ ಹಾಕಲಿಲ್ಲ. ರುಚಿ ನೋಡಿಸದೆ ಕಳಿಸಿದವರು ಅಂತಲೇ ಹೆಸರಾಯ್ತು ಇಲ್ಲಿ." ಚಾಪೆಯ ಅಂಚು ಸವರುತ್ತ, "ನಾನೂ ಹಾಗೇ ತಿಳ್ಕೊಂಡೆ" ಅಂದರು.

ಎದ್ದು ಒಳಗೆ ಹೋದರು. ಹೊರಡಬೇಕೋ ಕೂರಬೇಕೋ ತಿಳಿಯದೆ ಕುಳಿತೆ. ಒಳಗಿನಿಂದ ಲೋಟದಲ್ಲಿ ಚಮಚ ತಿರುಗುವ ಸದ್ದು ಬಂತು. ಗರಗರ ಅಡಗಿ ಬರೀ ಗಾಜಿನ ಸದ್ದು ಉಳಿಯುವವರೆಗೂ ಅವರೂ ಕೈ ನಿಲ್ಲಿಸಲಿಲ್ಲ. ಲಿಂಬೆ ಶರಬತ್ತು ತಂದು ಎದುರಿಟ್ಟರು. ಸಕ್ಕರೆ ಸಾಕಾ ಎಂದು ಅವರು ಕೇಳಲಿಲ್ಲ. ನನ್ನನ್ನು ಕೇಳಲು ಅವರಿಗೆ ಇನ್ನು ಕಾರಣವಿರಲಿಲ್ಲ.

ಬಾಗಿಲವರೆಗೆ ಬಂದು ಒಂದು ಮಾತು ಹೇಳಿದರು. "ನನ್ನ ಹತ್ತಿರ ಹೇಳಿ ಎಂತ ಆಗ್ತದೆ? ಇಲ್ಲಿಯವರಿಗೆ ಗೊತ್ತಾಗ್ಬೇಕಿತ್ತು. ನೀವು ಅಕ್ಷರದ ಕೆಲಸ ಮಾಡುವವರಲ್ವಾ?"

ಅದಕ್ಕಾಗಿ ಬರೆಯುತ್ತಿದ್ದೇನೆ. ಕಾಕನ ಗುಣಗಾನ ಮಾಡುವ ಯೋಗ್ಯತೆ ನನಗಿಲ್ಲ. ಅವರನ್ನು ಬಲ್ಲವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಮಾತ್ರ ನನ್ನ ಹತ್ತಿರ ಉಳಿದಿದೆ. ಆ ಶುಕ್ರವಾರದ ಶರಬತ್ತನ್ನು ಕಾಕ ರುಚಿ ನೋಡಿಸಿಯೇ ಕಳಿಸಿದ್ದರು. ನೋಡಿದವಳು ನಾನು. ಜ್ವರವಿರಲಿಲ್ಲ. ಉಪ್ಪಾಗಿತ್ತು.